ಬ್ಲಡ್ ಕ್ಯಾನ್ಸರ್ ಮತ್ತು ಶ್ವಾಸಕೋಶದ ಫಂಗಸ್: ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲುಕೇಮಿಯಾಗೆ, ಅಂದರೆ ಬ್ಲಡ್ ಕ್ಯಾನ್ಸರ್‌ಗೆ, ಕೀಮೋ ನಡೆಯುತ್ತಿರುತ್ತದೆ. ಜ್ವರ ಬರುತ್ತದೆ, ಆಂಟಿಬಯೋಟಿಕ್ ಕೊಟ್ಟರೂ ಇಳಿಯುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಆಮೇಲೆ ಡಾಕ್ಟರು ಬಂದು "ಶ್ವಾಸಕೋಶದಲ್ಲಿ ಫಂಗಸ್ ಇದ್ದ ಹಾಗಿದೆ, ಎದೆಯ ಸರ್ಜನ್ ಒಮ್ಮೆ ನೋಡಲಿ" ಅನ್ನುತ್ತಾರೆ. ಅಲ್ಲಿಂದ ಮನೆಯವರಿಗೆ ನಿದ್ದೆ ಇಲ್ಲ. ಕ್ಯಾನ್ಸರ್ ಇರುವುದು ರಕ್ತದಲ್ಲಿ, ಎದೆ ಯಾಕೆ ಕೊಯ್ಯಬೇಕು? ಇಷ್ಟು ಸುಸ್ತಾದ ಜೀವ ಆಪರೇಷನ್ ತಡೆಯುತ್ತಾ? ಈ ಪುಟ ಅಂಥ ಮನೆಯವರಿಗಾಗಿ. ಇಲ್ಲಿರುವುದು ಸಾಮಾನ್ಯ ಮಾಹಿತಿ. ನಿಮ್ಮ ರೋಗಿಯ ವಿಷಯದಲ್ಲಿ ಕೊನೆಯ ಮಾತು ಅವರನ್ನು ದಿನಾ ನೋಡುತ್ತಿರುವ ಡಾಕ್ಟರದ್ದೇ.

ರಕ್ತದ ಕ್ಯಾನ್ಸರ್‌ಗೂ ಶ್ವಾಸಕೋಶದ ಫಂಗಸ್‌ಗೂ ಏನು ಸಂಬಂಧ?

ಫಂಗಸ್ ಅಂದರೆ ಬೂಷ್ಟು. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲಾ ಕಡೆ ಇವೆ. ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಒಂದು ಕಣ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಮಾತ್ರ ಇರುತ್ತದೆ. ಹಾಗಾಗಿ ಅದು ಮೂಗು, ಗಂಟಲು ದಾಟಿ ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ನಾವೆಲ್ಲರೂ ದಿನಾ ಇಂಥ ಕಣಗಳನ್ನು ಉಸಿರಾಡುತ್ತಲೇ ಇರುತ್ತೇವೆ. ನಮಗೆ ಏನೂ ಆಗುವುದಿಲ್ಲ. ಶ್ವಾಸಕೋಶದ ಕಾವಲು ಕಣಗಳು, ಅದರ ಹಿಂದೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಅವನ್ನು ಅಲ್ಲೇ ಮುಗಿಸಿಬಿಡುತ್ತವೆ.

ಬ್ಲಡ್ ಕ್ಯಾನ್ಸರ್‌ನಲ್ಲಿ ಈ ನ್ಯೂಟ್ರೋಫಿಲ್‌ಗಳೇ ಇರುವುದಿಲ್ಲ. ಕಾಯಿಲೆ ಅರ್ಧ ತಿಂದಿರುತ್ತದೆ, ಉಳಿದದ್ದನ್ನು ಕೀಮೋ ಇಳಿಸುತ್ತದೆ. ಎಎಂಎಲ್ ಅನ್ನುವ ಬಗೆಯ ಲುಕೇಮಿಯಾಗೆ ಕೊಡುವ ಮೊದಲ ಸುತ್ತಿನ ಕೀಮೋ ಆದ ಮೇಲೆ ಕೌಂಟ್ಸ್, ಅಂದರೆ ರಕ್ತಕಣಗಳ ಲೆಕ್ಕ, ಎರಡರಿಂದ ನಾಲ್ಕು ವಾರ ನೆಲ ಕಚ್ಚಿರುವುದು ಮಾಮೂಲಿ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೆ ಹತ್ತು ದಿನಕ್ಕಿಂತ ಜಾಸ್ತಿ ಇದ್ದರೆ ಫಂಗಸ್‌ಗೆ ಬಾಗಿಲು ತೆರೆದ ಹಾಗೆಯೇ. ಎಎಲ್‌ಎಲ್ ಅನ್ನುವ ಇನ್ನೊಂದು ಬಗೆಯ ಲುಕೇಮಿಯಾದಲ್ಲಿ ಮತ್ತು ಅಸ್ಥಿಮಜ್ಜೆ ಕಸಿ ಆದವರಲ್ಲಿ ತಿಂಗಳುಗಟ್ಟಲೆ ಕೊಡುವ ಸ್ಟೆರಾಯ್ಡ್ ಕೂಡ ಇದೇ ಕೆಲಸ ಮಾಡುತ್ತದೆ.

ಈ ಸೋಂಕಿನ ಕೆಟ್ಟ ಗುಣ ಏನೆಂದರೆ, ಫಂಗಸ್ ಎಳೆಗಳು ರಕ್ತನಾಳದ ಗೋಡೆ ಕೊರೆದು ಒಳಗೆ ಬೆಳೆಯುತ್ತವೆ. ನಾಳ ಕಟ್ಟಿಕೊಂಡು ಅದರ ಮುಂದಿನ ಶ್ವಾಸಕೋಶದ ತುಂಡು ಸಾಯುತ್ತದೆ. ನಾಳ ಒಡೆದರೆ ರಕ್ತ ಸುರಿಯುತ್ತದೆ. ಆಪರೇಷನ್ ಮಾತು ಯಾಕೆ ಬರುತ್ತದೆ ಅನ್ನುವುದು ಈ ಎರಡು ಸಂಗತಿಯಲ್ಲೇ ಇದೆ.

ಇದು ಮನೆಯವರಿಗೆ, ಪಕ್ಕದ ಬೆಡ್‌ನವರಿಗೆ ಅಂಟುತ್ತಾ?

ಇಲ್ಲ. ಶ್ವಾಸಕೋಶದ ಈ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹತ್ತಿರ ಕೂತು ಮಾತಾಡಿ, ಕೈ ಹಿಡಿದುಕೊಳ್ಳಿ. ನಿಮಗೆ ನೆಗಡಿ, ಜ್ವರ ಇದ್ದಾಗ ಮಾತ್ರ ದೂರ ಇರಿ. ಅದು ಅವರ ಒಳ್ಳೆಯದಕ್ಕೆ.

2021ರಲ್ಲಿ ಕೇಳಿದ "ಬ್ಲ್ಯಾಕ್ ಫಂಗಸ್" ಇದೇನಾ?

ಕೆಲವರಲ್ಲಿ ಹೌದು. ಬ್ಲಡ್ ಕ್ಯಾನ್ಸರ್ ಇರುವವರ ಶ್ವಾಸಕೋಶಕ್ಕೆ ಬರುವ ಫಂಗಸ್‌ನಲ್ಲಿ ಮುಖ್ಯವಾಗಿ ಎರಡು ಗುಂಪು. ಒಂದು ಆಸ್ಪರ್ಜಿಲಸ್. ಇನ್ನೊಂದು ಮ್ಯೂಕರ್. ಕೋವಿಡ್ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಅಂತ ಸುದ್ದಿಯಾದದ್ದು ಈ ಎರಡನೆಯದು. ಆ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಅಧಿಸೂಚಿತ ಕಾಯಿಲೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು. ಆಗ ಹೆಚ್ಚಿನವರಿಗೆ ಅದು ಬಂದದ್ದು ಮೂಗು, ಸೈನಸ್, ಕಣ್ಣಿನ ಸುತ್ತ. ಅವರಲ್ಲಿ ಬಹಳ ಜನಕ್ಕೆ ಸಕ್ಕರೆ ಕಾಯಿಲೆ ಇತ್ತು, ಮೇಲೆ ಸ್ಟೆರಾಯ್ಡ್. ಬ್ಲಡ್ ಕ್ಯಾನ್ಸರ್‌ನವರಲ್ಲಿ ಅದೇ ಫಂಗಸ್ ಶ್ವಾಸಕೋಶಕ್ಕೆ ಬರುವುದು ಜಾಸ್ತಿ.

ಎರಡರ ನಡುವಿನ ವ್ಯತ್ಯಾಸ ಗೊತ್ತಿರುವುದು ಮುಖ್ಯ, ಯಾಕೆಂದರೆ ಔಷಧಿ ಬೇರೆ. ಆಸ್ಪರ್ಜಿಲಸ್‌ಗೆ ಚೆನ್ನಾಗಿ ಕೆಲಸ ಮಾಡುವ ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸವೇ ಮಾಡುವುದಿಲ್ಲ. ಮ್ಯೂಕರ್ ಬೆಳೆಯುವ ವೇಗವೂ ಹೆಚ್ಚು. ಹಾಗಾಗಿ ಮ್ಯೂಕರ್ ಅಂತ ಅನುಮಾನ ಬಂದರೆ ಸರ್ಜನ್‌ರನ್ನು ಮೊದಲ ದಿನದಿಂದಲೇ ಜೊತೆಗೆ ಇಟ್ಟುಕೊಳ್ಳುತ್ತಾರೆ.

ಎಕ್ಸ್-ರೇ ಸರಿಯಾಗಿದೆ ಅಂದರು. ಮತ್ತೆ ಸಿಟಿ ಸ್ಕ್ಯಾನ್ ಯಾಕೆ?

ಮೊದಲ ದಿನಗಳಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದೆ ಇರಬಹುದು. ಸಿಟಿಯಲ್ಲಿ ಕಾಣುತ್ತದೆ. ಬಿಳಿ ಗಂಟು, ಅದರ ಸುತ್ತ ಮಂಜು ಕವಿದಂಥ ಉಂಗುರ. ಅದು ಗಂಟಿನ ಸುತ್ತ ಒಸರಿದ ರಕ್ತ. ರಿಪೋರ್ಟಿನಲ್ಲಿ ಅದನ್ನು "ಹೇಲೋ ಸೈನ್" ಅಂತ ಬರೆದಿರುತ್ತಾರೆ. ಇದು ಕೆಲವೇ ದಿನ ಇದ್ದು ಮಾಯವಾಗುತ್ತದೆ, ಅದಕ್ಕೇ ಸ್ಕ್ಯಾನ್ ಬೇಗ ಆಗಬೇಕು. ಇದರ ಉಲ್ಟಾ, ಅಂದರೆ ನಡುವೆ ಮಂಜು ಇದ್ದು ಸುತ್ತ ದಪ್ಪ ಬಿಳಿ ಉಂಗುರ ಕಂಡರೆ ಮ್ಯೂಕರ್ ಬಗ್ಗೆ ಯೋಚನೆ ಬರುತ್ತದೆ.

ಜೊತೆಗೆ ರಕ್ತದಲ್ಲಿ ಗ್ಯಾಲಕ್ಟೋಮ್ಯಾನನ್ ಅನ್ನುವ ಪರೀಕ್ಷೆ ಮಾಡುತ್ತಾರೆ. ಅದು ಆಸ್ಪರ್ಜಿಲಸ್‌ನ ಗೋಡೆಯಿಂದ ಉದುರುವ ಪದಾರ್ಥ. ಮ್ಯೂಕರ್ ಇದ್ದರೆ ಈ ಪರೀಕ್ಷೆ ಪಾಸಿಟಿವ್ ಆಗುವುದಿಲ್ಲ. "ನೆಗೆಟಿವ್ ಬಂತು, ಫಂಗಸ್ ಇಲ್ಲ" ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ರೋಗಿ ತಡೆದುಕೊಳ್ಳುವ ಸ್ಥಿತಿಯಲ್ಲಿದ್ದರೆ ಬ್ರಾಂಕೋಸ್ಕೋಪಿ (ಕ್ಯಾಮೆರಾ ಇರುವ ಸಣ್ಣ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುವುದು) ಮಾಡಿ ಶ್ವಾಸಕೋಶ ತೊಳೆದ ನೀರನ್ನೂ ಪರೀಕ್ಷೆಗೆ ಕಳಿಸುತ್ತಾರೆ.

ನಮ್ಮ ದೊಡ್ಡಪ್ಪನಿಗೂ "ಫಂಗಸ್ ಬಾಲ್" ಇತ್ತು, ಹತ್ತು ವರ್ಷ ಆರಾಮಾಗಿದ್ದರು. ಇದಕ್ಕೆ ಯಾಕೆ ಇಷ್ಟು ಗಾಬರಿ?

ಅದು ಬೇರೆ, ಇದು ಬೇರೆ. ಹಳೆಯ ಟಿಬಿ ವಾಸಿಯಾದ ಮೇಲೆ ಶ್ವಾಸಕೋಶದಲ್ಲಿ ಗೂಡು ಉಳಿಯುತ್ತದೆ. ಆ ಗೂಡಿನಲ್ಲಿ ಫಂಗಸ್ ಉಂಡೆ ಕಟ್ಟಿಕೊಂಡು ವರ್ಷಗಟ್ಟಲೆ ಇರಬಹುದು. ನಮ್ಮ ಕಡೆ ಟಿಬಿ ಜಾಸ್ತಿ, ಹಾಗಾಗಿ ಬಹಳ ಜನಕ್ಕೆ ಗೊತ್ತಿರುವುದು ಇದೇ. ಅಲ್ಲಿ ರೋಗಿಗೆ ಬಿಳಿ ರಕ್ತಕಣ ಇದೆ, ಫಂಗಸ್ ಗೂಡಿನಲ್ಲೇ ಇರುತ್ತದೆ. ಲುಕೇಮಿಯಾ ರೋಗಿಯಲ್ಲಿ ಅದನ್ನು ತಡೆಯುವವರೇ ಇಲ್ಲ. ದಿನಗಳ ಲೆಕ್ಕದಲ್ಲಿ ಹರಡುತ್ತದೆ.

ಔಷಧಿಯಲ್ಲೇ ವಾಸಿಯಾಗಲ್ವಾ?

ಹೆಚ್ಚಿನವರಲ್ಲಿ ಔಷಧಿಯೇ ಮುಖ್ಯ ಚಿಕಿತ್ಸೆ, ಮತ್ತು ಹಲವರಿಗೆ ಅದೇ ಸಾಕು. ಇದನ್ನು ಮೊದಲೇ ಹೇಳಿಬಿಡಬೇಕು. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಆಸ್ಪರ್ಜಿಲಸ್ ಸೋಂಕಿಗೆ ವೊರಿಕೊನಜೋಲ್‌ನಿಂದ ಚಿಕಿತ್ಸೆ ಶುರು ಮಾಡಿದವರಲ್ಲಿ 12 ವಾರದ ಹೊತ್ತಿಗೆ ನೂರಕ್ಕೆ ಸುಮಾರು 71 ಮಂದಿ ಬದುಕಿದ್ದರು. ಹಳೆಯ ಆಂಫೊಟೆರಿಸಿನ್‌ನಿಂದ ಶುರು ಮಾಡಿದವರಲ್ಲಿ 58 ಮಂದಿ. ಅಲ್ಲಿಂದ ಚಿಕಿತ್ಸೆಯ ದಾರಿಯೇ ಬದಲಾಯಿತು. ಈಗ ಇಸಾವುಕೊನಜೋಲ್ ಕೂಡ ಇದೆ. ಮ್ಯೂಕರ್‌ಗೆ ಆಂಫೊಟೆರಿಸಿನ್‌ನ ಹೊಸ ರೂಪವಾದ ಲೈಪೊಸೋಮಲ್ ಆಂಫೊಟೆರಿಸಿನ್, ಒಂದು ಕೆಜಿ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಜಾಸ್ತಿ ಕೊಡುತ್ತಾರೆ.

ಆದರೆ ಔಷಧಿಗೆ ಒಂದು ಮಿತಿ ಇದೆ. ಅದು ರಕ್ತದ ಮೂಲಕವೇ ಹೋಗಬೇಕು. ರಕ್ತನಾಳ ಕಟ್ಟಿಹೋಗಿ ಸತ್ತ ತುಂಡಿಗೆ, ಕಾಲುವೆ ಒಡೆದ ಗದ್ದೆಗೆ ನೀರು ಹಾಯದ ಹಾಗೆ, ಔಷಧಿ ತಲುಪುವುದಿಲ್ಲ. ಒಳಗೆ ಫಂಗಸ್ ಉಳಿದುಕೊಂಡಿರುತ್ತದೆ. ಮುಂದಿನ ಕೀಮೋದಲ್ಲಿ ಕೌಂಟ್ಸ್ ಮತ್ತೆ ಇಳಿದಾಗ ಅದು ಎದ್ದು ಬರಬಹುದು.

ಹಾಗಾದರೆ ಆಪರೇಷನ್ ಯಾರಿಗೆ ಬೇಕಾಗುತ್ತದೆ?

ಒಂದೇ ಕಡೆ, ಶ್ವಾಸಕೋಶದ ಒಂದು ಹಾಲೆಯಲ್ಲಿ (ಶ್ವಾಸಕೋಶದ ದೊಡ್ಡ ಭಾಗಗಳಿಗೆ ಹಾಲೆ ಅನ್ನುತ್ತಾರೆ) ಸೋಂಕು ಇದ್ದು, ಅದನ್ನು ಪೂರ್ತಿ ತೆಗೆಯಲು ಆಗುವಂತಿದ್ದರೆ ಆಪರೇಷನ್‌ನಿಂದ ಹೆಚ್ಚು ಲಾಭ. ಎರಡೂ ಶ್ವಾಸಕೋಶದಲ್ಲಿ ಹತ್ತಾರು ಗಂಟುಗಳಿದ್ದರೆ ಸಾಮಾನ್ಯವಾಗಿ ಔಷಧಿಯೇ.

ಅವಸರದ ಕಾರಣಗಳು ಕೆಲವು ಇವೆ. ಗಂಟು ಶ್ವಾಸಕೋಶದ ದೊಡ್ಡ ರಕ್ತನಾಳಕ್ಕೆ ಅಥವಾ ಹೃದಯದ ಹೊದಿಕೆಗೆ ತಾಗಿಕೊಂಡಿರುವುದು. ಅದು ಒಡೆದರೆ ಉಳಿಸಿಕೊಳ್ಳುವ ಸಮಯವೇ ಸಿಗದೆ ಹೋಗಬಹುದು, ಹಾಗಾಗಿ ಒಡೆಯುವ ಮೊದಲೇ ತೆಗೆಯುವ ಯೋಚನೆ ಮಾಡುತ್ತಾರೆ. ಒಂದೇ ಜಾಗದಿಂದ ಕೆಮ್ಮಿನಲ್ಲಿ ಪದೇ ಪದೇ ರಕ್ತ ಬರುತ್ತಿರುವುದು. ಸೋಂಕು ಪಕ್ಕೆಲುಬು, ಎದೆಗೋಡೆಗೆ ಇಳಿದಿರುವುದು. ಫ್ರಾನ್ಸಿನ ದಿಜೋಂ ಊರಿನ ವೈದ್ಯರ ತಂಡ 1997ರಲ್ಲಿ ಇದನ್ನೇ ಬರೆದಿತ್ತು. ಜ್ವರ ಬಂದ ಕೂಡಲೇ ಸಿಟಿ ಮಾಡಿ, ದೊಡ್ಡ ನಾಳದ ಪಕ್ಕ ಗಂಟು ಕಂಡರೆ ತಡ ಮಾಡದೆ ಆಪರೇಷನ್ ಮಾಡಿದರೆ ರೋಗಿಗಳ ಸ್ಥಿತಿ ಸುಧಾರಿಸುತ್ತದೆ ಅಂತ. ಈ ವಿಷಯದಲ್ಲಿ ಇವತ್ತಿಗೂ ಆ ಬರಹದ ಹೆಸರು ಬರುತ್ತದೆ.

ಇನ್ನೊಂದು ಕಾರಣ ನಿಧಾನದ್ದು, ಆದರೆ ನನ್ನ ಪ್ರಕಾರ ಮನೆಯವರು ಸರಿಯಾಗಿ ಅರ್ಥ ಮಾಡಿಕೊಳ್ಳಲೇಬೇಕಾದದ್ದು. ಲುಕೇಮಿಯಾ ಚಿಕಿತ್ಸೆ ಅರ್ಧದಲ್ಲಿದೆ. ಇನ್ನೂ ಕೀಮೋ ಬಾಕಿ ಇದೆ, ಇಲ್ಲವೇ ಕಸಿ ಆಗಬೇಕಿದೆ. ಶ್ವಾಸಕೋಶದಲ್ಲಿ ಫಂಗಸ್ ಗಂಟು ಉಳಿದಿದೆ ಅಂತ ಕೀಮೋ ಮುಂದೂಡುತ್ತಾ ಹೋದರೆ ಲುಕೇಮಿಯಾ ಸುಮ್ನೆ ಕೂರುವುದಿಲ್ಲ. ಗಂಟು ತೆಗೆದರೆ ಕ್ಯಾನ್ಸರ್ ಚಿಕಿತ್ಸೆ ಬೇಗ ಮುಂದುವರಿಸಬಹುದು. ಇಲ್ಲಿ ಆಪರೇಷನ್ ಮಾಡುವುದು ಫಂಗಸ್‌ಗಾಗಿ ಎಷ್ಟೋ, ಕ್ಯಾನ್ಸರ್ ಚಿಕಿತ್ಸೆ ತಪ್ಪದಿರಲಿ ಅಂತಲೂ ಅಷ್ಟೇ. "ಡಾಕ್ಟ್ರೇ, ಈ ಆಪರೇಷನ್ ಆದ ಮೇಲೆ ಮುಂದಿನ ಕೀಮೋ ಯಾವಾಗ?" ಅಂತ ಮೊದಲೇ ಕೇಳಿ. ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕರೆ ಆಪರೇಷನ್ ಯಾಕೆ ಬೇಕು ಅನ್ನುವುದೂ ಸ್ಪಷ್ಟವಾಗುತ್ತದೆ.

ಲುಕೇಮಿಯಾ ಹತೋಟಿಗೆ ಬರುವ ಸಾಧ್ಯತೆಯೇ ಇಲ್ಲದಿದ್ದರೆ ಇಷ್ಟು ದೊಡ್ಡ ಆಪರೇಷನ್ ಬೇಕಾ ಅನ್ನುವುದನ್ನು ಕೂತು ಮಾತಾಡಬೇಕಾಗುತ್ತದೆ. ಕಷ್ಟದ ಮಾತು, ಆದರೆ ಆಡಬೇಕಾದ ಮಾತು.

ಔಷಧಿ ಶುರುವಾಗಿ ಒಂದು ವಾರ. ಹೊಸ ಸ್ಕ್ಯಾನ್‌ನಲ್ಲಿ ಗಂಟು ದೊಡ್ಡದಾಗಿದೆ. ಔಷಧಿ ಸೋತಿತಾ?

ಅಷ್ಟು ಬೇಗ ಹಾಗೆ ಹೇಳಲಾಗದು. ಅದೇ ದಿಜೋಂ ತಂಡ 2001ರಲ್ಲಿ ಸ್ಕ್ಯಾನ್‌ಗಳನ್ನು ಅಳೆದು ನೋಡಿತು. ಔಷಧಿ ಕೆಲಸ ಮಾಡುತ್ತಿದ್ದವರಲ್ಲೂ ಮೊದಲ ವಾರದಲ್ಲಿ ಗಂಟುಗಳ ಗಾತ್ರ ಸುಮಾರು ನಾಲ್ಕು ಪಟ್ಟು ಆಗಿತ್ತು. ಎರಡನೇ ವಾರ ಅಲ್ಲಿಗೇ ನಿಂತು, ಆಮೇಲೆ ಕುಗ್ಗಿತು. ಹಾಗಾಗಿ ಮೊದಲ ವಾರದ ಸ್ಕ್ಯಾನ್ ನೋಡಿ ಎದೆಗುಂದಬೇಡಿ. ಜ್ವರ ಹೇಗಿದೆ, ಆಮ್ಲಜನಕ ಎಷ್ಟಿದೆ, ಗಂಟು ದೊಡ್ಡ ನಾಳದ ಕಡೆಗೆ ಹೋಗುತ್ತಿದೆಯಾ ಅನ್ನುವುದನ್ನೆಲ್ಲ ಸೇರಿಸಿ ಡಾಕ್ಟರು ತೀರ್ಮಾನಿಸುತ್ತಾರೆ.

ಕೌಂಟ್ಸ್ ಏರುತ್ತಿದೆ ಅಂತ ಖುಷಿಯಾಗಿದ್ದೆವು. ಈಗಲೇ ಕೆಮ್ಮಿನಲ್ಲಿ ರಕ್ತ ಬಂತು. ಯಾಕೆ?

ಬಿಳಿ ರಕ್ತಕಣ ವಾಪಸ್ ಬಂದಾಗ ಅವು ಸತ್ತ ತುಂಡಿನ ಅಂಚನ್ನು ಕರಗಿಸಿ ಬೇರೆ ಮಾಡಲು ಶುರು ಮಾಡುತ್ತವೆ. ಸ್ಕ್ಯಾನ್‌ನಲ್ಲಿ ಗಂಟಿನ ಮೇಲ್ಗಡೆ ಅರ್ಧಚಂದ್ರದಂತೆ ಗಾಳಿ ಕಾಣುವುದು ಆಗಲೇ. ಮಾಯುವ ಲಕ್ಷಣ ಅದು. ಆದರೆ ಕರಗುವ ಅಂಚಿನಲ್ಲಿ ರಕ್ತನಾಳ ಇದ್ದರೆ ಅದೂ ಒಡೆಯಬಹುದು. ಜೋರಾಗಿ ರಕ್ತ ಬರುವ ಅಪಾಯ ಕೌಂಟ್ಸ್ ಏರುವ ದಿನಗಳಲ್ಲೇ ಜಾಸ್ತಿ. ಆ ದಿನಗಳಲ್ಲಿ ಡಿಸ್ಚಾರ್ಜ್‌ಗೆ ಅವಸರ ಮಾಡಬೇಡಿ.

ಮನೆಯಲ್ಲಿದ್ದಾಗ ರಕ್ತ ಬಂದರೆ ಏನು ಮಾಡಬೇಕು?

ಕಫದಲ್ಲಿ ಒಂದು ಗೆರೆ ರಕ್ತ ಕಂಡರೂ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ. ಬಾಯಿ ತುಂಬ ಬಂದರೆ ಫೋನ್ ಮಾಡುತ್ತಾ ಕೂರದೆ ಹತ್ತಿರದ, ಐಸಿಯು ಇರುವ ಆಸ್ಪತ್ರೆಗೆ ಹೊರಡಿ, 108 ಕರೆಯಿರಿ. ಸೋಂಕು ಯಾವ ಕಡೆಯ ಶ್ವಾಸಕೋಶದಲ್ಲಿದೆಯೋ ಆ ಮಗ್ಗುಲು ಕೆಳಗೆ ಬರುವ ಹಾಗೆ ಮಲಗಿಸಿ. ಹಾಗೆ ಮಾಡಿದರೆ ಚೆನ್ನಾಗಿರುವ ಶ್ವಾಸಕೋಶಕ್ಕೆ ರಕ್ತ ಇಳಿಯುವುದಿಲ್ಲ. ಅದಕ್ಕೇ ಬಲಗಡೆಯೋ ಎಡಗಡೆಯೋ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಕೊನೆಯ ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪು, ಔಷಧಿ ಚೀಟಿ ಒಂದೇ ಕವರಿನಲ್ಲಿ ಸಿದ್ಧ ಇಟ್ಟಿರಿ.

ಆಪರೇಷನ್ ಬದಲು ಕಾಲಿನ ನಾಳದಿಂದ ಹೋಗಿ ರಕ್ತ ನಿಲ್ಲಿಸುವುದು ಇದೆಯಂತಲ್ಲ?

ಇದೆ. ಎಂಬೊಲೈಸೇಷನ್ ಅನ್ನುತ್ತಾರೆ. ತುರ್ತಿನಲ್ಲಿ ರಕ್ತ ನಿಲ್ಲಿಸಿ, ಆಪರೇಷನ್‌ಗೆ ಸಿದ್ಧ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಆಪರೇಷನ್ ತಡೆಯಲಾರದವರಿಗೂ ಉಪಯೋಗ. ಆದರೆ ಸತ್ತ ತುಂಡು, ಫಂಗಸ್ ಎರಡೂ ಅಲ್ಲೇ ಉಳಿಯುತ್ತವೆ. ಮತ್ತೆ ರಕ್ತ ಬರಬಹುದು.

ಪ್ಲೇಟ್‌ಲೆಟ್ ಬರೀ 20 ಸಾವಿರ ಇದೆ. ಹೇಗೆ ಕೊಯ್ಯುತ್ತಾರೆ?

ಸಾಮಾನ್ಯವಾಗಿ ಇಂಥ ಆಪರೇಷನ್‌ಗೆ ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಮೇಲೆ ಇರಬೇಕು ಅನ್ನುತ್ತಾರೆ. ಆಪರೇಷನ್ ದಿನ ಬೆಳಿಗ್ಗೆ ಪ್ಲೇಟ್‌ಲೆಟ್ ಹಾಕಿ ಏರಿಸುತ್ತಾರೆ, ಒಳಗೂ ಹಾಕುತ್ತಿರುತ್ತಾರೆ, ಆಮೇಲೂ ಕೆಲವು ದಿನ ನೋಡಿಕೊಂಡು ಹಾಕುತ್ತಾರೆ. ಒಬ್ಬರಿಂದಲೇ ಮೆಷಿನ್ ಮೂಲಕ ತೆಗೆದ ಎಸ್‌ಡಿಪಿ ಒಂದು ಚೀಲ ಸುಮಾರು 30ರಿಂದ 50 ಸಾವಿರ ಏರಿಸಬಹುದು. ನ್ಯೂಟ್ರೋಫಿಲ್ ಏರುವವರೆಗೆ ಕಾಯಲು ಆಗುವಂತಿದ್ದರೆ ಕಾಯುತ್ತಾರೆ, ಅದಕ್ಕೆ ಇಂಜೆಕ್ಷನ್ ಕೂಡ ಕೊಡುತ್ತಾರೆ. ಕಾಯುವ ಸ್ಥಿತಿ ಇಲ್ಲದಿದ್ದರೆ ಕೌಂಟ್ಸ್ ಕಡಿಮೆ ಇರುವಾಗಲೇ ಆಪರೇಷನ್ ಮಾಡಿ ಗೆದ್ದ ಉದಾಹರಣೆಗಳಿವೆ. ಅನುಭವ ಇರುವ ಕಡೆ, ಹೆಮಟಾಲಜಿ (ರಕ್ತದ ಕಾಯಿಲೆಗಳ ವಿಭಾಗ), ಸರ್ಜರಿ, ಅರಿವಳಿಕೆ, ಬ್ಲಡ್ ಬ್ಯಾಂಕ್ ನಾಲ್ಕೂ ಒಂದೇ ಸೂರಿನಡಿ ಇರುವ ಕಡೆ ಮಾತ್ರ ಇದು ಆಗುವ ಕೆಲಸ.

ಪ್ಲೇಟ್‌ಲೆಟ್ ಕೊಡಲು ಅಣ್ಣ ತಮ್ಮಂದಿರೇ ಇದ್ದೇವೆ. ಕೊಡಬಹುದಾ?

ನಿಲ್ಲಿ, ಮೊದಲು ಡಾಕ್ಟರನ್ನು ಕೇಳಿ. ಮುಂದೆ ಒಡಹುಟ್ಟಿದವರಿಂದ ಅಸ್ಥಿಮಜ್ಜೆ ಕಸಿ ಮಾಡುವ ಯೋಚನೆ ಇದ್ದರೆ, ರಕ್ತಸಂಬಂಧಿಗಳ ರಕ್ತ, ಪ್ಲೇಟ್‌ಲೆಟ್ ರೋಗಿಗೆ ಹಾಕದಿರುವುದು ಒಳ್ಳೆಯದು. ರೋಗಿಯ ದೇಹ ಅದನ್ನು ಗುರುತಿಟ್ಟುಕೊಂಡು ಮುಂದೆ ಕಸಿಯನ್ನು ತಿರಸ್ಕರಿಸುವ ಅಪಾಯ ಇರುತ್ತದೆ. ಪ್ರೀತಿಯಿಂದ ಓಡಿ ಬಂದ ತಮ್ಮನನ್ನು ಬೇಡ ಅನ್ನುವುದು ಕಷ್ಟವೇ. ಆದರೆ ಅವನು ಕೊಡಬೇಕಾದದ್ದು ಮುಂದೆ ಇನ್ನೂ ದೊಡ್ಡದಿರಬಹುದು. ಸದ್ಯಕ್ಕೆ ಗೆಳೆಯರು, ಆಫೀಸಿನವರು, ಊರಿನವರನ್ನು ಕೇಳಿ.

ಎಸ್‌ಡಿಪಿ ಕೊಡುವವರಿಗೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರಬೇಕು. ಹಿಂದಿನ ಮೂರು ದಿನ ಆಸ್ಪಿರಿನ್ ತಗೊಂಡಿರಬಾರದು. ಒಂದೂವರೆ ಗಂಟೆ ಕೈ ಚಾಚಿ ಮಲಗಬೇಕು ಅಷ್ಟೇ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಹಾಗಾಗಿ ಹತ್ತು ಜನರನ್ನು ಒಂದೇ ದಿನ ಕರೆತರಬೇಡಿ. ಪಟ್ಟಿ ಮಾಡಿಕೊಂಡು ದಿನ ಬಿಟ್ಟು ದಿನ ಕಳಿಸಿ.

ಎಷ್ಟು ಭಾಗ ತೆಗೆಯುತ್ತಾರೆ? ಕೀಹೋಲ್‌ನಲ್ಲಿ ಆಗುತ್ತಾ?

ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡಗಡೆ ಎರಡು. ಗಂಟು ಚಿಕ್ಕದಾಗಿ ಅಂಚಿನಲ್ಲಿದ್ದರೆ ಆ ತುಂಡು ಮಾತ್ರ ತೆಗೆಯುತ್ತಾರೆ. ಒಳಗಡೆ ಇದ್ದರೆ ಪೂರ್ತಿ ಹಾಲೆ ತೆಗೆಯಬೇಕಾಗಬಹುದು. ಇಡೀ ಒಂದು ಶ್ವಾಸಕೋಶ ತೆಗೆಯುವುದು ಅಪರೂಪ, ಅಪಾಯವೂ ಬಹಳ. ಆದಷ್ಟು ಕಡಿಮೆ ತೆಗೆಯುವುದು ಎಲ್ಲ ಸರ್ಜನ್‌ಗಳ ಆಸೆ. ಮ್ಯೂಕರ್‌ನಲ್ಲಿ ಮಾತ್ರ ಚೆನ್ನಾಗಿರುವ ಅಂಚಿನವರೆಗೆ ಪೂರ್ತಿ ತೆಗೆಯುವುದಕ್ಕೆ ಒತ್ತು.

ಕ್ಯಾಮೆರಾ ಇಟ್ಟು ಸಣ್ಣ ತೂತುಗಳಲ್ಲಿ ಮಾಡುವ ವ್ಯಾಟ್ಸ್ ಆಪರೇಷನ್ ಬಹಳ ಜನಕ್ಕೆ ಸಾಧ್ಯ. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ದೊಡ್ಡ ನಾಳದ ಪಕ್ಕ ಇದ್ದರೆ, ಎದೆಗೋಡೆಗೆ ಅಂಟಿಕೊಂಡಿದ್ದರೆ ಪಕ್ಕೆಲುಬಿನ ನಡುವೆ ತೆರೆದೇ ಮಾಡುತ್ತಾರೆ. ಕ್ಯಾಮೆರಾದಲ್ಲಿ ಶುರು ಮಾಡಿ ನಡುವೆ ತೆರೆಯಬೇಕಾಗಿ ಬಂದರೆ ಅದು ತಪ್ಪಲ್ಲ, ಎಚ್ಚರಿಕೆ.

ವಯಸ್ಕರಲ್ಲಿ ತೆಗೆದ ಹಾಲೆ ಮತ್ತೆ ಬೆಳೆಯುವುದಿಲ್ಲ. ಉಳಿದ ಹಾಲೆಗಳು ಹಿಗ್ಗಿ ಆ ಜಾಗ ತುಂಬಿಕೊಳ್ಳುತ್ತವೆ. ಒಂದು ಹಾಲೆ ಹೋದವರು ಚೇತರಿಸಿಕೊಂಡ ಮೇಲೆ ಸಾಮಾನ್ಯವಾಗಿ ದಿನದ ಕೆಲಸ ಮಾಡಿಕೊಂಡು ಇರುತ್ತಾರೆ. ಆಪರೇಷನ್‌ಗೆ ಮೊದಲು ಉಸಿರಿನ ಪರೀಕ್ಷೆ ಮಾಡುವುದು ಇದಕ್ಕೇ.

ತೆಗೆದ ತುಂಡನ್ನು ಏನು ಮಾಡುತ್ತಾರೆ?

ಇದು ಬಹಳ ಮುಖ್ಯ, ಆದರೆ ಯಾರೂ ಕೇಳುವುದಿಲ್ಲ. ತುಂಡನ್ನು ಎರಡು ಭಾಗ ಮಾಡಬೇಕು. ಒಂದು ಭಾಗ ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ. ಇನ್ನೊಂದು ಫಾರ್ಮಲಿನ್ ಸೋಕಿಸದೆ, ಸ್ಟೆರೈಲ್ ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ. ಫಾರ್ಮಲಿನ್‌ಗೆ ಬಿದ್ದ ಫಂಗಸ್ ಸಾಯುತ್ತದೆ, ಆಮೇಲೆ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬೆಳೆಯುವುದಿಲ್ಲ. ಮ್ಯೂಕರ್ ಎಳೆಗಳು ಇನ್ನೂ ನಾಜೂಕು. ತುಂಡನ್ನು ಅರೆದರೂ ಸಾಯುತ್ತವೆ, ಅದಕ್ಕೇ ಸಣ್ಣಗೆ ಕತ್ತರಿಸಿ ಇಡುತ್ತಾರೆ. ಮೈಕ್ರೋಸ್ಕೋಪ್‌ನಲ್ಲಿ ಆಸ್ಪರ್ಜಿಲಸ್ ತೆಳ್ಳಗೆ, ಗೆಣ್ಣು ಗೆಣ್ಣಾಗಿ, ಕಿರಿದಾದ ಕೋನದಲ್ಲಿ ಕವಲೊಡೆದಿರುತ್ತದೆ. ಮ್ಯೂಕರ್ ಅಗಲವಾಗಿ ರಿಬ್ಬನ್‌ನಂತೆ, ಗೆಣ್ಣಿಲ್ಲದೆ, ಅಡ್ಡಾದಿಡ್ಡಿ ಮಡಚಿಕೊಂಡಿರುತ್ತದೆ.

ಎಷ್ಟೋ ಸಲ ಆ ಹೊತ್ತಿನವರೆಗೆ "ಇದ್ದ ಹಾಗಿದೆ" ಅನ್ನುವ ಅನುಮಾನದ ಮೇಲೇ ಔಷಧಿ ನಡೆದಿರುತ್ತದೆ. ಯಾವ ಫಂಗಸ್, ಯಾವ ಔಷಧಿ ಅನ್ನುವುದು ಈ ತುಂಡಿನಿಂದ ಗಟ್ಟಿಯಾಗುತ್ತದೆ. ಕೆಲವೊಮ್ಮೆ ಫಂಗಸ್ ಬದಲು ಟಿಬಿ, ಇಲ್ಲವೇ ಲುಕೇಮಿಯಾ ಗಂಟೇ ಅಂತಲೂ ಗೊತ್ತಾಗುತ್ತದೆ. ಆಪರೇಷನ್‌ಗೆ ಮುಂಚೆ ಡಾಕ್ಟರ ಹತ್ತಿರ "ಸ್ಯಾಂಪಲ್ ಕಲ್ಚರ್‌ಗೂ ಹೋಗುತ್ತಲ್ಲ ಸರ್?" ಅಂತ ವಿನಯವಾಗಿ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಪಾಯ ಎಷ್ಟು? ಪರ್ಸೆಂಟೇಜ್ ಹೇಳಿ.

ಎಲ್ಲರಿಗೂ ಹೊಂದುವ ಒಂದು ಪರ್ಸೆಂಟ್ ಕೊಡುವುದು ಸರಿಯಲ್ಲ. ಪ್ರಕಟವಾದ ವರದಿಗಳೆಲ್ಲ ಆಯ್ದ, ಚಿಕ್ಕ ಗುಂಪುಗಳವು. ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಬರೀ ಔಷಧಿ ಅಂತ ಚೀಟಿ ಎತ್ತಿ ಹೋಲಿಸಿದ ಅಧ್ಯಯನ ಇಲ್ಲ. ನಿಗದಿ ಮಾಡಿಕೊಂಡು, ಕೌಂಟ್ಸ್ ಚೆನ್ನಾಗಿರುವಾಗ ಒಂದು ಗಂಟು ತೆಗೆಯುವುದಕ್ಕೂ, ರಾತ್ರಿ ರಕ್ತ ಸುರಿಯುವಾಗ ಓಡಿ ಮಾಡುವ ಆಪರೇಷನ್‌ಗೂ ಅಜಗಜಾಂತರ. ರಕ್ತಸ್ರಾವ, ಹೊಲಿಗೆ ಹಾಕಿದ ಜಾಗದಿಂದ ಗಾಳಿ ಸೋರುವುದು, ಎದೆಯೊಳಗೆ ಕೀವು, ನ್ಯುಮೋನಿಯಾ, ಇವು ಮುಖ್ಯ ತೊಂದರೆಗಳು. ಪ್ರಾಣಾಪಾಯವೂ ಇದೆ, ಅದನ್ನು ಮುಚ್ಚಿಡಬಾರದು. "ನಮ್ಮ ರೋಗಿಗೆ ಆಪರೇಷನ್ ಮಾಡದಿದ್ದರೆ ಏನಾಗಬಹುದು?" ಅಂತಲೂ ಕೇಳಿ. ಎರಡೂ ಕಡೆಯ ಅಪಾಯ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ತೀರ್ಮಾನಕ್ಕೆ ಅರ್ಥ.

ಆಪರೇಷನ್ ಆದ ಮೇಲಿನ ದಿನಗಳು ಹೇಗಿರುತ್ತವೆ?

ಮೊದಲು ಐಸಿಯು. ಎದೆಯ ಪಕ್ಕದಿಂದ ಒಂದು ಪೈಪು, ಅದರ ತುದಿ ನೀರಿರುವ ಬಾಟಲಿಯಲ್ಲಿ. ಕೆಮ್ಮಿದಾಗ ಬಾಟಲಿಯಲ್ಲಿ ಗುಳ್ಳೆ ಬಂದರೆ ಶ್ವಾಸಕೋಶದಿಂದ ಇನ್ನೂ ಗಾಳಿ ಸೋರುತ್ತಿದೆ ಅಂತ. ಗುಳ್ಳೆ ನಿಂತು, ನೀರು ಬರುವುದು ಕಡಿಮೆಯಾದ ಮೇಲೆ ಪೈಪು ತೆಗೆಯುತ್ತಾರೆ. ಬಾತ್‌ರೂಮಿಗೆ ಹೋಗುವಾಗ ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೇ ಹಿಡಿಯಬೇಕು. ಮೇಲೆತ್ತಿದರೆ ನೀರು ವಾಪಸ್ ಎದೆಗೆ ಹೋಗುತ್ತದೆ.

ಮೂರು ಬಣ್ಣದ ಚೆಂಡು ಇರುವ ಉಸಿರಿನ ಸಾಧನ ಕೊಡುತ್ತಾರೆ. ಬಹಳ ಜನ ಅದಕ್ಕೆ ಊದುತ್ತಾರೆ. ಊದಬಾರದು, ಎಳೆಯಬೇಕು. ಪೂರ್ತಿ ಉಸಿರು ಬಿಟ್ಟು, ಪೈಪಿಗೆ ತುಟಿ ಬಿಗಿದು, ನಿಧಾನವಾಗಿ ಒಳಗೆ ಎಳೆದು ಚೆಂಡನ್ನು ಮೇಲೆ ನಿಲ್ಲಿಸಬೇಕು. ಎಚ್ಚರ ಇರುವಾಗ ಗಂಟೆಗೊಮ್ಮೆ. ನೋವು ಇದ್ದರೆ ಸಹಿಸಿಕೊಂಡು ಮಲಗಬೇಡಿ, ನರ್ಸ್‌ಗೆ ಹೇಳಿ. ನೋವಿಗೆ ಹೆದರಿ ಕೆಮ್ಮದೆ ಇದ್ದರೆ ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತದೆ. ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಿದರೆ ನೋವು ಕಡಿಮೆ.

ಗಂಟು ತೆಗೆದಾಯ್ತಲ್ಲ, ಫಂಗಸ್ ಔಷಧಿ ನಿಲ್ಲಿಸಬಹುದಾ?

ಬೇಡ. ಕಣ್ಣಿಗೆ ಕಾಣದಷ್ಟು ಉಳಿದಿರಬಹುದು. ಆಸ್ಪರ್ಜಿಲಸ್‌ಗೆ ಕನಿಷ್ಠ 6ರಿಂದ 12 ವಾರ ಚಿಕಿತ್ಸೆ ಅನ್ನುವುದು ಸಾಮಾನ್ಯ ನಿಯಮ. ಕೀಮೋ ಮುಂದುವರಿಯುವವರೆಗೆ ರಕ್ಷಣೆಗಾಗಿ ಅದನ್ನೇ ಮುಂದುವರಿಸುತ್ತಾರೆ.

ವೊರಿಕೊನಜೋಲ್ ಮಾತ್ರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ಆದ ಮೇಲೆ. ನುಂಗಿದ ಅರ್ಧ ಗಂಟೆಯಲ್ಲಿ ಕಣ್ಣು ಮಂಜಾಗಬಹುದು, ಬೆಳಕು ಜಾಸ್ತಿ ಅನ್ನಿಸಬಹುದು. ಅದು ತಾನಾಗಿ ಹೋಗುತ್ತದೆ, ಆ ಹೊತ್ತಿನಲ್ಲಿ ಗಾಡಿ ಓಡಿಸಬೇಡಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಉದ್ದ ತೋಳಿನ ಅಂಗಿ, ಟೋಪಿ ಇರಲಿ. ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುವ ಪರೀಕ್ಷೆ ಇದೆ, ಆಗುವುದಾದರೆ ಮಾಡಿಸಿ. ಒಂದೇ ಡೋಸ್ ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಜಾಸ್ತಿ ಆಗುತ್ತದೆ.

ಒಂದು ಎಚ್ಚರಿಕೆ. ಎಎಲ್‌ಎಲ್‌ಗೆ ಕೊಡುವ ವಿನ್‌ಕ್ರಿಸ್ಟಿನ್, ಎಎಂಎಲ್‌ಗೆ ಕೊಡುವ ವೆನೆಟೊಕ್ಲಾಕ್ಸ್ ಇವುಗಳ ಜೊತೆ ಈ ಗುಂಪಿನ ಫಂಗಸ್ ಔಷಧಿಗಳು ಜಗಳ ಆಡುತ್ತವೆ. ಕೀಮೋದ ಪ್ರಭಾವ ವಿಪರೀತ ಹೆಚ್ಚಾಗಬಹುದು. ಬೇರೆ ಊರಿನಲ್ಲಿ, ಬೇರೆ ಡಾಕ್ಟರ ಹತ್ತಿರ ಹೋದಾಗಲೂ ಎಲ್ಲ ಔಷಧಿಯ ಪಟ್ಟಿ ತೋರಿಸಿ. ಆಂಫೊಟೆರಿಸಿನ್ ನಡೆಯುತ್ತಿದ್ದರೆ ಕಿಡ್ನಿ, ಪೊಟ್ಯಾಸಿಯಂ, ಮೆಗ್ನೀಸಿಯಂ ಮೇಲೆ ಕಣ್ಣಿರಬೇಕು.

ಮುಂದಿನ ಕೀಮೋ, ಕಸಿ ಯಾವಾಗ?

ಗಾಯ ಒಣಗಿ, ಪೈಪು ತೆಗೆದು, ಗಾಳಿ ಸೋರುವುದು ನಿಂತು, ಜ್ವರ ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಶುರು ಮಾಡಬಹುದು. ಹಿಂದೆ ಫಂಗಸ್ ಆಗಿದ್ದವರಿಗೆ ಕಸಿ ಮಾಡುವುದೇ ಇಲ್ಲ ಅನ್ನುವ ಕಾಲ ಇತ್ತು. ಈಗ ಹಾಗಿಲ್ಲ. ಸೋಂಕು ಹತೋಟಿಯಲ್ಲಿದ್ದು, ರಕ್ಷಣೆಯ ಔಷಧಿ ಮುಂದುವರಿದಿದ್ದರೆ ಕಸಿ ಸಾಧ್ಯ. ರಕ್ಷಣೆಯ ಔಷಧಿಯಿಂದ ಎಷ್ಟು ಉಪಯೋಗ ಅಂತ 2007ರ ಇನ್ನೊಂದು ಅಧ್ಯಯನ ತೋರಿಸಿತು. ಫಂಗಸ್ ಇನ್ನೂ ಬಾರದ ಎಎಂಎಲ್ ಮತ್ತು ಎಂಡಿಎಸ್ (ಅಸ್ಥಿಮಜ್ಜೆಯ ಇನ್ನೊಂದು ಕಾಯಿಲೆ) ರೋಗಿಗಳಿಗೆ ಕೀಮೋ ಹೊತ್ತಿನಲ್ಲಿ ಪೊಸಕೊನಜೋಲ್ ಕೊಟ್ಟಾಗ ನೂರಕ್ಕೆ 2 ಮಂದಿಗೆ ಫಂಗಸ್ ಬಂತು, ಹಳೆಯ ಔಷಧಿ ತಗೊಂಡವರಲ್ಲಿ 8 ಮಂದಿಗೆ.

ಖರ್ಚು ಹೇಗೆ?

ಆಪರೇಷನ್‌ಗಿಂತ ಎಷ್ಟೋ ಸಲ ಫಂಗಸ್ ಔಷಧಿ, ಪ್ಲೇಟ್‌ಲೆಟ್, ಐಸಿಯು ದಿನಗಳೇ ಜಾಸ್ತಿ ಆಗುತ್ತವೆ. ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಈ ಯೋಜನೆಗಾಗಿ ಆಸ್ಪತ್ರೆಯಲ್ಲಿರುವ ಸಹಾಯಕರಾದ ಆರೋಗ್ಯ ಮಿತ್ರರ ಹತ್ತಿರ ಮೂರು ವಿಷಯ ಬಿಡಿಸಿ ಕೇಳಿ. ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ಫಂಗಸ್ ಔಷಧಿ ಅದರಲ್ಲಿ ಸೇರಿದೆಯಾ, ರೆಫರಲ್ ಪತ್ರ ಬೇಕಾ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಅಂದಾಜು ವೆಚ್ಚದ ಪತ್ರವನ್ನು ಆಸ್ಪತ್ರೆಯಿಂದ ಮೊದಲೇ ಬರೆಸಿಕೊಳ್ಳಿ.

ಸರ್ಜನ್ ನೋಡಿ "ಆಪರೇಷನ್ ಬೇಡ" ಅಂದರು. ಕೈಬಿಟ್ಟರಾ?

ಇಲ್ಲ. ಹಲವು ಸಲ ಅದು ಒಳ್ಳೆಯ ಸುದ್ದಿಯೇ. ಔಷಧಿಯಲ್ಲೇ ಗಂಟು ಕುಗ್ಗುತ್ತಿದ್ದರೆ ಕೊಯ್ಯುವ ಅಗತ್ಯ ಇಲ್ಲ. ಕಾರಣ ಕೇಳಿ ತಿಳಿದುಕೊಳ್ಳಿ. ಯಾವ ಬದಲಾವಣೆ ಕಂಡರೆ ಮತ್ತೆ ಯೋಚಿಸುತ್ತೀರಿ ಅಂತಲೂ ಕೇಳಿ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಸ್ಕ್ಯಾನ್‌ನ ಸಿಡಿ ತಗೊಂಡು ಹೋಗಿ, ಬರೀ ರಿಪೋರ್ಟ್ ಸಾಲದು. ಗಂಟಿಗೂ ರಕ್ತನಾಳಕ್ಕೂ ನಡುವೆ ಎಷ್ಟು ಅಂತರ ಇದೆ ಅನ್ನುವುದನ್ನು ಸರ್ಜನ್ ಕಣ್ಣಾರೆ ನೋಡಬೇಕು.

ಊರಿಗೆ ಹೋದ ಮೇಲೆ ತೋಟ, ಕೊಟ್ಟಿಗೆ, ಅಡಿಕೆ ಕೆಲಸ ಮಾಡಬಹುದಾ?

ಚಿಕಿತ್ಸೆ ನಡೆಯುವಷ್ಟು ಕಾಲ ಬೇಡ. ಬೂಷ್ಟು ಬೆಳೆಯುವುದು ಒದ್ದೆ ಸೊಪ್ಪು, ಹುಲ್ಲು, ಗೊಬ್ಬರ, ಕೊಳೆತ ಎಲೆಯಲ್ಲಿ. ಹುಲ್ಲಿನ ಮೆದೆ ಕೆದಕುವುದು, ಗೊಬ್ಬರ ಗುಂಡಿ ತೋಡುವುದು, ಒಕ್ಕಣೆ, ಅಡಿಕೆ ಸುಲಿಯುವ ಜಾಗದ ದೂಳು, ಇವುಗಳಿಂದ ದೂರ ಇರಲಿ. ಮನೆಯಲ್ಲಿ ಸುಣ್ಣ ಹೊಡೆಸುವುದು, ಗೋಡೆ ಒಡೆಸುವುದು, ಅಟ್ಟ ಗುಡಿಸುವುದು ಈ ವರ್ಷ ಮುಂದಕ್ಕೆ ಹಾಕಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ರೋಗಿ ಮಲಗುವುದಕ್ಕೆ ಮನೆಯಲ್ಲೇ ಹೆಚ್ಚು ಒಣಗಿರುವ, ಬಿಸಿಲು ಬೀಳುವ ಕೋಣೆ ಕೊಡಿ. ಬೂಷ್ಟು ಒರೆಸುವಾಗ ಅವರು ಆ ಕೋಣೆಯಲ್ಲಿ ಇರಬಾರದು. ಕೌಂಟ್ಸ್ ಕಡಿಮೆ ಇರುವಾಗ ಆಸ್ಪತ್ರೆಗೆ ಬಂದು ಹೋಗುವ ದಾರಿಯಲ್ಲಿ ಎನ್95 ಮಾಸ್ಕ್ ಹಾಕಿಸಿ. ಅದರಲ್ಲೂ ಆಸ್ಪತ್ರೆಯ ಪಕ್ಕ ಕಟ್ಟಡ ಕೆಲಸ ನಡೆಯುತ್ತಿದ್ದರೆ ಮರೆಯಬೇಡಿ. ಹಾಸಿಗೆ ಪಕ್ಕ ಹೂಕುಂಡ ಬೇಡ. ಹಸುವಿನ ಹತ್ತಿರ ಹೋಗದೆ ಇರಲಾರೆ ಅನ್ನುವವರು ಚಿಕಿತ್ಸೆ ಮುಗಿದು ಕೌಂಟ್ಸ್ ಗಟ್ಟಿಯಾದ ಮೇಲೆ, ಡಾಕ್ಟರನ್ನು ಕೇಳಿಕೊಂಡು, ಮೊದಲು ಅಂಗಳದಲ್ಲಿ ಕಟ್ಟಿಸಿ ಮೈ ಸವರಿ ಬರಲಿ. ಕೊಟ್ಟಿಗೆ ಗುಡಿಸುವ ಕೆಲಸ ಮನೆಯಲ್ಲಿ ಬೇರೆಯವರು ನೋಡಿಕೊಳ್ಳಲಿ.